ಇಬ್ಬರಿಗೂ ಸಮಪಾಲು

ಫೆಬ್ರವರಿ 11
ಇವತ್ತೂ ಪಾಠ ಮಾಡಲು ಶಾಲೆಗೆ ಹೋಗಲಿಲ್ಲ. ಮೂರನೇ ದಿನ. ತಲೆ ಬಾಚಿಲ್ಲ. ಬೇಯಿಸಿದ ಬಾಳೆಕಾಯಿ ಮಟೋಕೆ ತಟ್ಟೆಯಲ್ಲೇ ಆರಿದೆ.

ಅಮ್ಮ ಬಾಗಿಲಲ್ಲೇ ಶುರು: “ಏಳೇ ನಕಾಟೊ, ಸೋಮಾರಿತನಕ್ಕೂ ಒಂದು ಮಿತಿ ಬೇಡ್ವಾ?”

ಅಕ್ಕ ಬಬಿರ್ಯೆ—ನನಗಿಂತ ಹತ್ತು ನಿಮಿಷಕ್ಕೆ ದೊಡ್ಡವಳು—ತಲೆ ಕೆಟ್ಟಾಗ ನಮ್ಮೂರು ಮಸಾಕಾದ ಇಡೀ ಸಂತೆ ಸೇರಿತ್ತು. ತನ್ನ ಅಂಗಡಿ ಬಟ್ಟೆಯನ್ನೆಲ್ಲ ಬಿಟ್ಟಿ ಹಂಚಿದಳು, ಪೊಲೀಸನ ಕೆನ್ನೆಗೆ ಬಾರಿಸಿದಳು. ಅದು ಕಾಯಿಲೆ. ನನ್ನದು ಸೋಮಾರಿತನ! ಮೈ ಉರಿಯುತ್ತದೆ.

ಫೆಬ್ರವರಿ 13
ಕ್ಲಿನಿಕ್ಕಿಗೆ ಹೋದೆ. ಬರೀ ಬೇಸರದ ಕಥೆ ಹೇಳಿದೆ. ನಾಲ್ಕೇ ತಾಸು ಮಲಗಿ ಇಡೀ ವರ್ಷದ ಪಾಠ ಬರೆದು ಮುಗಿಸುವ ವಾರಗಳ ಸುದ್ದಿ ಎತ್ತಲಿಲ್ಲ. ನಾನು ಬದುಕುವುದೇ ಆಗ... ಅದನ್ನೂ ಕಿತ್ತುಕೊಂಡರೆ? ಖಿನ್ನತೆ ಅಂತ ಮಾತ್ರೆ ಕೊಟ್ಟರು.

ಮಾರ್ಚ್ 4
ಎರಡು ವಾರದಿಂದ ನಿದ್ದೆ ಇಲ್ಲ. ಹೆದರಿ ಕ್ಲಿನಿಕ್ಕಿಗೆ ಹೋಗಿ ಎಲ್ಲ ಹೇಳಿಬಿಟ್ಟೆ.

ನರ್ಸಮ್ಮ ನಮುಸಿಸಿ ಬೈದರು: “ಇದನ್ನ ಮೊದ್ಲೇ ಹೇಳೋಕೆ ಏನಾಗಿತ್ತು ನಿಂಗೆ?” ನನಗೂ ಅಕ್ಕನ ಕಾಯಿಲೆಯೇ ಅಂತೆ, ಮನಸ್ಸು ಏರಿಳಿಯುವ ಬೈಪೋಲಾರ್, ಎರಡನೇ ಬಗೆ. ಅವಳದು ಮೊದಲನೆಯದು. ನನ್ನ ಏರು ಅಷ್ಟು ಎತ್ತರ ಹೋಗುವುದಿಲ್ಲ, ಇಳಿತ ಮಾತ್ರ ಉದ್ದ. ಹಳೇ ಮಾತ್ರೆ ಬಂದ್. ಇನ್ನಷ್ಟು ಕೆರಳಿಸುತ್ತದಂತೆ.

ಮನೆಯಲ್ಲಿ ಹೇಳಿದೆ. ಬಬಿರ್ಯೆ ಬಿದ್ದು ಬಿದ್ದು ನಕ್ಕಳು. “ಹುಟ್ಟೋದ್ರಲ್ಲೂ ನಾನೇ ಮೊದ್ಲು, ಹುಚ್ಚಲ್ಲೂ ನಾನೇ ಮೊದ್ಲು!” ನಗು ನಿಲ್ಲಲೇ ಇಲ್ಲ. ಅವಳೂ ನಾಲ್ಕು ದಿನದಿಂದ ಮಲಗಿಲ್ಲ.

ನನ್ನ ಹಳೇ ಮಾತ್ರೆ ಪೊಟ್ಟಣ ನೋಡಿದೆ. ಇರಬೇಕಾದಷ್ಟು ಇಲ್ಲ.

“ಅವಳಿಗೂ ದಿನಾ ಒಂದು ಕೊಟ್ಟೆ ಕಣೇ,” ಅಂದಳು ಅಮ್ಮ. “ಅವಳಿ ಮಕ್ಕಳು. ಒಬ್ಳಿಗೆ ಕೊಟ್ಟು ಇನ್ನೊಬ್ಳ ಬಾಯಿ ನೋಡೋದಾ? ಹಾಲಲ್ಲೇ ಭೇದ ಮಾಡ್ದೋಳಲ್ಲ ನಾನು.”

ಕೂಗಾಡಿದೆ. ಅಮ್ಮ ಅತ್ತಳು. ನಾನು ಆವತ್ತೇ ನಿಜ ಹೇಳಿದ್ದರೆ ಆ ಮಾತ್ರೆ ಮನೆಗೇ ಬರುತ್ತಿರಲಿಲ್ಲ.

ಮಾರ್ಚ್ 6, ಬೆಳಿಗ್ಗೆ
ಅಕ್ಕನಿಗೆ ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತು. ಆದರೆ ಬಬಿರ್ಯೆಯೇ ಮನೆಯಲ್ಲಿಲ್ಲ. ಕಂಪಾಲಾ ರಸ್ತೆಯಲ್ಲಿ ಕೈ ಎತ್ತಿ ಲಾರಿ ನಿಲ್ಲಿಸುತ್ತಿದ್ದಾಳಂತೆ. ಅಮ್ಮ, ಸೋದರಮಾವ ಓಡಿದ್ದಾರೆ.

ಮಧ್ಯಾಹ್ನ
ಮಾವನ ಫೋನ್. “ನಕಾಟೊ, ನಿಮ್ಮಕ್ಕ ಹಾರಿದ್ಳಮ್ಮ.”

“ಹಾರಾಡ್ತಾನೇ ಇದಾಳಲ್ಲ ಮಾವ, ಹಿಡ್ಕೊಂಡು ಬನ್ನಿ,” ಅಂದೆ.

“ಲಾರಿ ನಿಲ್ಲಲಿಲ್ಲಮ್ಮ. ಹಾರಿದ್ಳು,” ಅಂದ ಮತ್ತೆ.

ನಮ್ಮಲ್ಲಿ ಅವಳಿಗಳು ಸತ್ತರೆ ಸತ್ತರು ಅನ್ನುವುದಿಲ್ಲ. ಹಾರಿದರು ಅನ್ನುತ್ತೇವೆ.

ಅಮ್ಮ ಬಂದಳು. ಚಪ್ಪಲಿ ಇಲ್ಲ. “ನಾನು ಕೊಟ್ಟ ಮಾತ್ರೆಯಿಂದ್ಲೇನೇ?” ಅಂತ ಕೇಳುತ್ತಿದ್ದಾಳೆ. ನಾನು ಅವಳಿಗೆ ಹೇಳಿದೆ: “ಇದ್ರಲ್ಲೂ ಇಬ್ರಿಗೂ ಸಮಪಾಲು ಕಣಮ್ಮ, ಕ್ಲಿನಿಕ್ಕಲ್ಲಿ ನಿಜ ಮುಚ್ಚಿಟ್ಟೋಳು ನಾನು.”