ಕಪ್ಪುಬಿಳುಪು ಸಿನಿಮಾದ ನೇರಳೆ ರವಿಕೆ

ಅಜ್ಜಂಪುರ
೧೬-೨-೧೯೭೫, ಭಾನುವಾರ

ಪ್ರೀತಿಯ ಮಗ ಓಂಕಾರನಿಗೆ ಅವ್ವ ಮಾಡುವ ಆಶೀರ್ವಾದ.

ಮೈ ಹೇಗಿದೆಯಪ್ಪಾ? ಚಳಿ ಬಿಟ್ಟು ಬಿಸಿಲು ಏರುವ ಕಾಲ, ನಿನಗೆ ವರ್ಷ ವರ್ಷ ನೆಗಡಿ ಹಿಡಿಯುವುದು ಈ ದಿನಗಳಲ್ಲೇ. ಮೆಣಸಿನ ಕಷಾಯ ಕಾಸಿಕೊಡುವವರು ಆ ತಿಪಟೂರಿನಲ್ಲಿ ಯಾರಿದ್ದಾರೆ? ನನಗೆ ನಿನ್ನ ಊಟದ್ದೇ ಯೋಚನೆ. ಬೆಳ್ಳುಳ್ಳಿ ವಾಸನೆ ಬಂದರೆ ತಟ್ಟೆ ಬಿಟ್ಟು ಏಳುವವನು ನೀನು. ನಮ್ಮ ನೆಂಟರಿಷ್ಟರಲ್ಲಿ ಯಾರಿಗೂ ಇಲ್ಲದ ನಾಲಿಗೆ ನಿನ್ನದು. ಇಡೀ ಮನೆಗೆ ಒಂದು ಸಾರಾದರೆ ನಿನಗೆಂದೇ ಬೇರೆ ಪಾತ್ರೆ ಇಡುತ್ತಿದ್ದೆ. ಖಾನಾವಳಿಯವನು ಅದನ್ನೆಲ್ಲ ನೋಡುತ್ತಾನೆಯೇ? ನಿಮ್ಮಪ್ಪ ಆರಾಮಾಗಿದ್ದಾರೆ. ಗೌರಿ ಹಬ್ಬದಲ್ಲಿ ನೀನು ಈರುಳ್ಳಿ ಮಂಡಿಯಲ್ಲಿ ಕೂರುವುದಿಲ್ಲ, ತಿಪಟೂರಿನ ಬಟ್ಟೆ ಅಂಗಡಿ ಸೇರುತ್ತೇನೆ ಎಂದಾಗ "ಬಟ್ಟೆ ಅಂಗ್ಡೀಲಿ ಹೆಂಗಸ್ರ ಮುಂದೆ ಸೀರೆ ಬಿಚ್ಚಿ ಹಾಸೋನು ಈ ಹೊಸ್ಲು ತುಳೀಬೇಡ" ಎಂದರಲ್ಲ, ಅದು ಕೋಪದಲ್ಲಿ ಬಂದ ಮಾತು. ನೀನೂ ಅವರ ಮಗನೇ. "ಅಪ್ಪ ಕರೆಯೋವರ್ಗೂ ಬರಲ್ಲ" ಎಂದು ಹೋದವನು ಅತ್ತಲೇ ಹೋದೆ. ರೂಮು ಸಿಕ್ಕ ಮೇಲೆ ಕರೆದುಕೊಂಡು ಹೋಗುತ್ತೇನೆಂದು ಹೆಂಡತಿಯನ್ನು ನನ್ನ ಪಾಲಿಗೆ ಬಿಟ್ಟೆ. ಈಗ ಆ ಹೆಂಡತಿಯ ವಿಷಯವೇ ಬರೆಯಬೇಕಾಗಿ ಬಂದಿದೆ. ನಿಂತುಕೊಂಡು ಓದಬೇಡ, ಎಲ್ಲಾದರೂ ಕೂತು ಓದು.

ಸಂಕ್ರಾಂತಿ ಕಳೆದ ಮೇಲೆ ಸಂತೆ ಮೈದಾನದಲ್ಲಿ ಸಿನಿಮಾ ಟೆಂಟು ಹಾಕಿದ್ದಾರೆ. ಮೊನ್ನೆ ಅದರಲ್ಲಿ ಒಂದು ಸಿನಿಮಾ ಬಂತು ನೋಡು, ಊರಿನ ಹೆಣ್ಣುಮಕ್ಕಳ ತಲೆಯೇ ತಿರುಗಿಹೋಯಿತು. ಕಥೆಯೆಂದು ದೊಡ್ಡದೇನಿಲ್ಲ. ನಾಯಕಿ ನಿದ್ದೆ ಮಾಡುತ್ತಾಳೆ, ಕನಸು ಬೀಳುತ್ತದೆ, ಕನಸಿನಲ್ಲಿ ಹೊಗೆಯ ನಡುವೆ ಉಯ್ಯಾಲೆ ಆಡಿಕೊಂಡು ಹಾಡುತ್ತಾಳೆ. ತೆಳ್ಳನೆಯ ಸೀರೆ, ಭುಜದ ಹತ್ತಿರ ಉಬ್ಬಿಸಿದ ತೋಳಿನ ರವಿಕೆ, ತೋಳಿನ ತುದಿಗೆ ಲೇಸು, ಕಿವಿಯ ಮುಂದೆ ಸುರುಳಿ ಸುತ್ತಿದ ಕೂದಲು. ಸಿನಿಮಾ ಮುಗಿಯುವವರೆಗೆ ಆ ಹುಡುಗಿ ಒಂದು ಕೊಡ ನೀರು ಸೇದಲಿಲ್ಲ, ಒಂದು ರೊಟ್ಟಿ ತಟ್ಟಲಿಲ್ಲ. ಹಾಗಿದ್ದ ಮೇಲೆ ಮುಖ ಏಕೆ ಬಾಡುತ್ತದೆ? ಪಕ್ಕದ ಮನೆಯ ಗುರುಶಾಂತಮ್ಮ ಬಿಡದೆ ಎಳೆದಳೆಂದು ನಾನೂ ಹೋಗಿದ್ದೆ. ಸುಳ್ಳೇಕೆ ಹೇಳಲಿ, ಆ ಹಾಡಿನಿಂದ ನನಗೂ ಕಣ್ಣು ಕೀಳಲಾಗಲಿಲ್ಲ. ಮನೆಗೆ ಬಂದು ಬಾಗಿಲು ಮುಂದೆ ಮಾಡಿ, ಕನ್ನಡಿ ಎದುರು ನಿಂತು, ನನ್ನ ರವಿಕೆಯ ತೋಳನ್ನೇ ಒಂದಿಷ್ಟು ಮೇಲಕ್ಕೆ ಎಳೆದು ಉಬ್ಬಿಸಿ ನೋಡಿಕೊಂಡೆ. ಇದು ನಿಮ್ಮಪ್ಪನ ಕಿವಿಗೆ ಬೀಳಕೂಡದು.

ಮಾರನೆಯ ದಿನ ಗುರುಶಾಂತಮ್ಮನ ಜಗಲಿಯಲ್ಲಿ ಹೆಂಗಸರೆಲ್ಲ ಸೇರಿ ಅದೇ ಮಾತು. ಆ ರವಿಕೆಯ ಬಣ್ಣ ಯಾವುದು? ಸಿನಿಮಾ ಕಪ್ಪುಬಿಳುಪಿನದು, ಯಾರಿಗೆ ಗೊತ್ತು! ಗುರುಶಾಂತಮ್ಮ ಗುಲಾಬಿ ಎಂದು ಆಣೆ ಇಟ್ಟಳು, ಅವಳ ಸೊಸೆ ಗಿಳಿಹಸಿರು ಎಂದಳು. ಅವರವರಿಗೆ ತೋಚಿದ ಬಣ್ಣದ ಬಟ್ಟೆ ತಂದು ಟೈಲರ್ ರೇವಣಪ್ಪನ ಮುಂದೆ ರಾಶಿ ಹಾಕಿದ್ದೂ ಆಯಿತು. ನಿನ್ನ ಹೆಂಡತಿ ಮಲ್ಲಿಕಾಂಬ ಅಕ್ಕಿ ಆರಿಸುತ್ತ ಕೂತಿದ್ದವಳು ತಲೆ ಎತ್ತದೆ ಹೇಳಿದಳು: "ಅದು ತಿಳಿ ನೇರಳೆ ಕಣ್ರೀ. ಲೇಸು ಮಾತ್ರ ಬಿಳೀದು." ನಾಲ್ಕು ಜನ ನಗಾಡಿದರು. ಇವಳು ನಗಲಿಲ್ಲ, ವಾದವನ್ನೂ ಮಾಡಲಿಲ್ಲ. ಕಣ್ಣಾರೆ ಕಂಡವರು ಮಾತ್ರ ಹಾಗೆ ಸುಮ್ಮನಿರುತ್ತಾರೆ. ನನಗೆ ಅಲ್ಲೇ ಒಂದು ಹುಳ ಹೊಕ್ಕಿತು.

ಆ ವಾರವೇ ನಿಮ್ಮಪ್ಪ ದೇವನೂರಿನ ನೆಂಟರ ಮನೆಗೆ ಹೋಗಿ ಕಡೂರಿನಲ್ಲಿ ರೈಲು ಹತ್ತಿ ಬಂದರು. ಕೈಕಾಲು ತೊಳೆಯುವಾಗಲೇ ಶುರು: "ಲೇ ಇವ್ಳೇ, ಕಾಲ ಕೆಟ್ಟೋಯ್ತು ಕಣೇ. ಕಡೂರು ಟಾಕೀಸಿನ ಮುಂದೆ ಮನೆ ಎತ್ರದ ಹೆಂಗಸಿನ ಚಿತ್ರ ಬರ್ದು ನಿಲ್ಸವ್ರೆ. ನೇರಳೆ ರವಿಕೆಯಂತೆ, ಉಯ್ಯಾಲೆಯಂತೆ!" ಅದೇ ಸಿನಿಮಾ. ನಮ್ಮ ಟೆಂಟಿನವನು ಬಣ್ಣದ ಚಿತ್ರ ಎಲ್ಲೂ ಹಾಕಿಲ್ಲ, ಒಂದು ಬಿಳಿ ಕಾಗದದಲ್ಲಿ ಕಪ್ಪಕ್ಷರ ಅಚ್ಚು ಹಾಕಿಸಿ ಹಂಚಿದ್ದಾನೆ ಅಷ್ಟೇ. ಅಂದರೆ ನಿನ್ನ ಹೆಂಡತಿ ಕಡೂರಿಗೆ ಹೋಗಿದ್ದಾಳೆ. ಯಾವಾಗ ಹೋದಳು, ಯಾರೊಂದಿಗೆ?

ಸಂಕ್ರಾಂತಿಯಿಂದೀಚೆಗೆ ಅವಳು ಪ್ರತಿ ಮಂಗಳವಾರ ತವರಿಗೆಂದು ಹೊರಡುತ್ತಾಳೆ. ತರೀಕೆರೆಯಲ್ಲಿ ಅವ್ವನಿಗೆ ಮಂಡಿ ನೋವು, ನೋಡಿ ಸಂಜೆ ಗಾಡಿಗೆ ಬರುತ್ತೇನೆ ಎನ್ನುತ್ತಾಳೆ. ಮನೆಯ ಹೆಣ್ಣನ್ನು ಮಂಗಳವಾರ ಹೊರಗೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ, ಬುಧವಾರ ಹೋಗು ಎಂದೆ. ಇಲ್ಲ, ಮಂಗಳವಾರವೇ ಆಗಬೇಕು. ತರೀಕೆರೆಗೆ ಹೋಗುವವರು ಬೀರೂರಿನಲ್ಲಿ ಇಳಿದು ಗಾಡಿ ಬದಲಿಸಬೇಕು; ಇಳಿಯದೆ ಕೂತರೆ ಮುಂದಿನ ಸ್ಟೇಷನ್ನೇ ಕಡೂರು. ಇದು ಹೊಳೆದ ಮೇಲೆ ನಾನು ಅವಳನ್ನು ಪರೀಕ್ಷೆ ಮಾಡಲು ಶುರುಮಾಡಿದೆ. ನಿಮ್ಮವ್ವನಿಗೆ ಯಾವ ಮಂಡಿ ನೋವು ಎಂದರೆ ಒಂದು ದಿನ ಬಲಗಾಲು ಎಂದಳು, ಎರಡು ದಿನ ಬಿಟ್ಟು ಕೇಳಿದರೆ ಎಡಗಾಲು. ಹೊರಡುವ ದಿನ ನಸುಕಿಗೇ ಎದ್ದು ಸೋಪಿನ ನೀರು ಹಚ್ಚಿ ಕಿವಿಯ ಮುಂದೆ ಕೂದಲು ಸುರುಳಿ ಸುತ್ತುತ್ತಾಳೆ, ಕಣ್ಣಿಗೆ ಬಾಲ ಎಳೆದು ಕಾಡಿಗೆ ಹಚ್ಚುತ್ತಾಳೆ. ಮಂಡಿ ನೋವಿನ ತಾಯಿಯನ್ನು ನೋಡಲು ಯಾರಾದರೂ ಹೀಗೆ ಹೋಗುತ್ತಾರೆಯೇ? ಜೊತೆಗೆ ಪ್ರತಿಸಲವೂ ಒಂದು ಡಬ್ಬಿ ಹುಚ್ಚೆಳ್ಳು ಪುಡಿ, ನಾಲ್ಕು ರೊಟ್ಟಿ. ನನ್ನ ಮನೆಯ ಹುಚ್ಚೆಳ್ಳು ಹುರಿದು ಯಾವನಿಗೆ ತಿನ್ನಿಸುತ್ತಿದ್ದಾಳೋ ಎಂದು ಹೊಟ್ಟೆ ಉರಿಯುತ್ತದೆ.

ಇನ್ನೊಂದು ಇದೆ. ಜಿರಲೆ ಇರಬಹುದೆಂದು ಅವಳ ಪೆಟ್ಟಿಗೆ ತೆಗೆದೆ. (ಜಿರಲೆ ಇರಲಿಲ್ಲ.) ಧಾರೆ ಸೀರೆಯ ಅಡಿಯಲ್ಲಿ ತಿಳಿ ನೇರಳೆ ರವಿಕೆ, ಉಬ್ಬು ತೋಳು, ಬಿಳಿ ಲೇಸು! ಅವಳ ಹಳೆಯ ರವಿಕೆಗಳೆಲ್ಲ ಇಲ್ಲೇ ಇವೆ, ಅಳತೆಗೆಂದು ಒಂದನ್ನೂ ಕೊಂಡುಹೋಗಿಲ್ಲ. ಹಾಗಾದರೆ ಅವಳ ಮೈ ಅಳತೆ ತೆಗೆದವನು ಯಾರು? ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ರೇವಣಪ್ಪನಿಗೆ ತೋರಿಸಿದೆ. ಅವನು ಕನ್ನಡಕ ಏರಿಸಿ ಒಳಗಿನ ಹೊಲಿಗೆಯನ್ನೆಲ್ಲ ತಿರುವಿ ನೋಡಿದ. "ನಮ್ ಕಡೆಯೋರ ಕೈ ಅಲ್ಲ ಕಣಕ್ಕಾ. ಹೊಸದಾಗಿ ಕಲೀತಿರೋನು. ಕಂಕುಳತ್ರ ಎರಡ್ ಸಲ ಬಿಚ್ಚಿ ಹೊಲ್ದವ್ನೆ. ಆದ್ರೆ ಬಲು ಪ್ರೀತಿಯಿಂದ ಹೊಲ್ದವ್ನೆ" ಎಂದ. ಆ ಕೊನೆಯ ಮಾತು ಕೇಳಿದ್ದೇ ರವಿಕೆ ಕಸಿದು ಸೆರಗಿನಲ್ಲಿ ಸುತ್ತಿಕೊಂಡೆ. ಮನೆಗೆ ಬಂದವಳು ನೀರು ಕೂಡ ಕುಡಿಯಲಿಲ್ಲ.

ಅವಳು ಕೆಟ್ಟವಳೆಂದು ನಾನು ಹೇಳುತ್ತಿಲ್ಲ ಓಂಕಾರ. ಕೆಲಸದಲ್ಲಿ ಚುರುಕು, ನನಗೆ ಎದುರಾಡಿದವಳಲ್ಲ, ನಿಮ್ಮಪ್ಪನಿಗೆ ಅವಳು ಕಾಸಿದ ಟೀಯೇ ಆಗಬೇಕು. ಅವಳನ್ನು ಕಳೆದುಕೊಳ್ಳಲು ನನಗೂ ಮನಸ್ಸಿಲ್ಲ. ಆದರೆ ಗಂಡ ದೂರದಲ್ಲಿರುವ ಹುಡುಗಿ ಕನಸಿನ ಸಿನಿಮಾ ನೋಡಿ ಕನಸಿನವಳ ಹಾಗೆ ಉಟ್ಟುಕೊಂಡು ಹೋದರೆ, ನೋಡುವ ಕಣ್ಣು ಯಾವುದೆಂದು ಕೇಳಬೇಡವೇ? ನಾನು ಇನ್ನೂ ಬಾಯಿ ಬಿಟ್ಟಿಲ್ಲ. ಈ ವಾರ ನೀನು ಛಲ ಬಿಟ್ಟು ಬಂದು ಎದುರಿಗೆ ಕೂರಿಸಿಕೊಂಡು ಕೇಳು. ಬರದಿದ್ದರೆ ಅವಳಪ್ಪ ತೀರ್ಥಪ್ಪನವರಿಗೆ ಹೇಳಿಕಳಿಸಿ, ಆ ಪೆಟ್ಟಿಗೆಯ ಸಮೇತ ತರೀಕೆರೆಗೆ ಕಳಿಸಿಬಿಡುತ್ತೇನೆ. ಆಮೇಲೆ ಅವ್ವ ಸಂಸಾರ ಒಡೆದಳು ಎನ್ನಬೇಡ.

ಬಿಸಿಲಿನಲ್ಲಿ ಬರಿತಲೆಯಲ್ಲಿ ಓಡಾಡಬೇಡ. ಎಲ್ಲಿದ್ದರೂ ಹೊಟ್ಟೆ ತುಂಬ ಉಂಡು ನೂರು ಕಾಲ ಬಾಳು.

ನಿನ್ನ ಅವ್ವ,
ದಾಕ್ಷಾಯಣಮ್ಮ

ಮರೆತ ಮಾತು: ಇದು ಸೋಮವಾರ ಬೆಳಿಗ್ಗೆ ಬರೆಯುತ್ತಿದ್ದೇನೆ. ಕವರಿಗೆ ಅಂಟು ಹಚ್ಚುವ ಹೊತ್ತಿಗೆ ಅಡುಗೆಮನೆಯಲ್ಲಿ ಮಲ್ಲಿಕಾಂಬ ನಾಳೆಗೆಂದು ಹುಚ್ಚೆಳ್ಳು ಪುಡಿ ಕುಟ್ಟುತ್ತಿದ್ದಳು. ಪ್ರತಿಸಲ ನಾನು ಮಠಕ್ಕೆ ಹೋದಾಗ ಕುಟ್ಟುತ್ತಿದ್ದಳು, ಇವತ್ತು ನಾನು ಹೋಗಲಿಲ್ಲ. ಅವಳು ಹಿತ್ತಿಲಿಗೆ ಹೋದ ತಕ್ಷಣ ಒರಳಿಗೆ ಬಗ್ಗಿ ಮೂಸಿ ನೋಡಿದೆ. ಹುಚ್ಚೆಳ್ಳು ಇದೆ, ಮೆಣಸಿನಕಾಯಿ ಇದೆ, ಬೆಳ್ಳುಳ್ಳಿ ಇಲ್ಲ. ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಇಲ್ಲದೆ ಪುಡಿಯಿಲ್ಲ, ತರೀಕೆರೆಯ ಬೀಗರು ಇನ್ನೂ ಒಂದು ಹಿಡಿ ಜಾಸ್ತಿ ಹಾಕುವವರು. ಬೆಳ್ಳುಳ್ಳಿ ಇಲ್ಲದ ಹುಚ್ಚೆಳ್ಳು ಪುಡಿ ತಿನ್ನುವವನು ನನಗೆ ಗೊತ್ತಿದ್ದ ಹಾಗೆ ಒಬ್ಬನೇ. ಮಂಗಳವಾರ ನಿನ್ನ ಅಂಗಡಿಗೆ ರಜೆ ಎಂಬುದೂ ಆಗಲೇ ನೆನಪಾಯಿತು. ಅಳತೆ ಟೇಪು ಹಿಡಿಯದೆ ಅವಳ ಅಳತೆ ಗೊತ್ತಿರುವವನೂ ನೀನೇ ತಾನೇ? ಹೊಲಿಗೆ ಯಾವಾಗ ಕಲಿತೆಯೋ ಕಳ್ಳಾ! ಒರಳಿನ ಮುಂದೆ ಕೂತು ನಕ್ಕೆ, ಆಮೇಲೆ ಅತ್ತೆ. ನೀನು ಕಡೂರಿನವರೆಗೆ ಬಂದೆ. ಹೆಂಡತಿಯನ್ನು ನೋಡಿದೆ, ಪರದೆಯ ಮೇಲಿನ ಹೆಂಗಸನ್ನೂ ನೋಡಿದೆ. ಅವ್ವನನ್ನು ನೋಡಬೇಕೆನಿಸಲಿಲ್ಲವೇ?

ಇದನ್ನು ಟಪಾಲಿಗೆ ಹಾಕುವುದಿಲ್ಲ. ಬೀಗಿತ್ತಿಯ ಮಂಡಿ ನೋಡಿಕೊಂಡು ಬರುತ್ತೇನೆ, ನಾಳೆ ನಾನೂ ಸೊಸೆಯ ಜೊತೆ ಹೋಗುತ್ತೇನೆ ಎಂದು ನಿಮ್ಮಪ್ಪನಿಗೆ ಹೇಳಿದ್ದೇನೆ. ಯಾವ ಕಾಲು ಎಂದು ಅವರು ಕೇಳಲಿಲ್ಲ. ಮಲ್ಲಿಕಾಂಬನ ಮುಖ ಬಿಳುಚಿಕೊಂಡಿದೆ, ಬೀರೂರು ದಾಟುವವರೆಗೆ ಹಾಗೇ ಇರಲಿ. ಈಗ ಈ ಕಾಗದ ಮಡಚಿ ಜೇಬಿಗಿಟ್ಟು ತಲೆ ಎತ್ತು. ನನ್ನ ಅಳತೆ ರವಿಕೆ ಹಿಡಿದುಕೊಂಡು ನಿನ್ನ ಎದುರಿಗೇ ನಿಂತಿದ್ದೇನೆ. ತೋಳು ಉಬ್ಬಿಸು, ಆದರೆ ಸ್ವಲ್ಪವೇ.