ಲೋಟದ ತಳದ ಕೆಂಪು ಬೊಟ್ಟು

ಅತ್ತೆ,

ನೀವು ಸತ್ತು ಎರಡು ವರ್ಷವಾಯಿತು. ಈ ಕಾಗದ ನಿಮ್ಮನ್ನು ಮುಟ್ಟುವುದಿಲ್ಲ. ನನ್ನ ಕೈ ಮುಟ್ಟಿದ್ದು ಯಾವುದೂ ನಿಮಗೆ ಆಗುತ್ತಲೂ ಇರಲಿಲ್ಲವಲ್ಲ.

ನನಗೆ ಎಚ್‌ಐವಿ ಅಂತ ತಿಳಿದ ದಿನವೇ ನನ್ನ ಲೋಟದ ತಳಕ್ಕೆ ಉಗುರುಬಣ್ಣದಲ್ಲಿ ಕೆಂಪು ಬೊಟ್ಟಿಟ್ಟಿರಿ. ನಾನು ಮಾಡಿದ ಉಗಾಲಿ ಮುದ್ದೆಯನ್ನು ಕೋಳಿಗಳಿಗೆ ಹಾಕಿದಿರಿ.

ಕಿಸುಮು ಪಟ್ಟಣದ ಆಫೀಸಿನಿಂದ ಊರೂರಿಗೆ ಹೋಗಿ ಎಚ್‌ಐವಿ ತಡೆ ಕೇಂದ್ರಗಳ ಕೆಲಸ ತಿದ್ದಿಕೊಡುವವಳು ಈಗ ನಾನೇ. ಇವತ್ತು ಸರೋವರದ ದಡದ ನಮ್ಮೂರ ಕ್ಲಿನಿಕ್ಕಿಗೆ ಹೋಗಿದ್ದೆ. ಅಲ್ಲೂ ಕೆಲವು ಫೈಲುಗಳ ಮೇಲೆ ಕೆಂಪು ಬೊಟ್ಟು.

"ಇದೇನು ಅವೂರ್?" ಅಂತ ನರ್ಸನ್ನು ಕೇಳಿದೆ.

"ಗುರುತಿಗೆ, ಮೇಡಂ. ಯಾರಿಗಿದೆ ಅಂತ ನಮಗೆ ಗೊತ್ತಾಗ್ಬೇಕಲ್ಲ."

"ಹೊರಗೆ ಬೆಂಚಿನ ಮೇಲೆ ಕೂತಿರೋರಿಗೂ ಗೊತ್ತಾಗತ್ತಲ್ಲ, ತಾಯಿ. ಎಲ್ಲಾ ರಟ್ಟು ಬದಲಾಯಿಸು."

ನಾನೂ ಜೊತೆಗೆ ಕೂತೆ. ಹಳೇ ಫೈಲುಗಳ ಅಡಿಯಲ್ಲಿ ನಿಮ್ಮ ಹೆಸರು ಸಿಕ್ಕಿತು, ಬೊಟ್ಟಿನ ಸಮೇತ. ನನಗಿಂತ ಮೂರು ವರ್ಷ ಮೊದಲೇ ನೀವು ಮಾತ್ರೆ ಶುರುಮಾಡಿದ್ದಿರಿ. ನಾನು ಅದೇ ಬೆಂಚಿಗೆ ಬಂದು ಕೂರತೊಡಗಿದ ತಿಂಗಳಿಂದ ಹೋಗುವುದನ್ನೇ ಬಿಟ್ಟಿದ್ದಿರಿ.

ಫೈಲು ಮುಚ್ಚಿ ಪಕ್ಕಕ್ಕಿಟ್ಟೆ.

"ಇದೊಂದು ಉಳೀತಲ್ಲ, ಮೇಡಂ?" ಅಂದಳು ಅವೂರ್.

"ಇರಲಿ ಬಿಡು," ಅಂದೆ. "ಈಯಮ್ಮನಿಗೆ ಬೊಟ್ಟು ಅಂದ್ರೆ ಪ್ರಾಣ."