ಮೇಜಿನ ಕೆಳಗಿನ ಮೀನು

ಮನೆಯಿಂದ,
ಮಾರ್ಚ್ ಒಂಬತ್ತು, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಾ,

ನಲವತ್ತು ದಾಟಿದ ನಿರ್ದೇಶಕನನ್ನು ಹೀಗೆ ಕರೆಯಬಾರದೇನೋ. ಬಾಯಿಗೆ ಬರುತ್ತಿರುವ ಬೇರೆ ಹೆಸರುಗಳು ಬರೆಯಲು ಯೋಗ್ಯವಲ್ಲ, ಹಾಗಾಗಿ ಇದೇ ಇರಲಿ. ನಿನ್ನ ಬೆನ್ನುನೋವು ಹೇಗಿದೆ? ಬಿಸಿನೀರಿನ ಶಾಖ ಕೊಡುತ್ತಿದ್ದೀಯೋ, ಇಲ್ಲ ಸಹಾಯಕರ ಮೇಲೆ ಕೂಗಾಡಿಯೇ ಮೈ ಬಿಸಿ ಮಾಡಿಕೊಳ್ಳುತ್ತಿದ್ದೀಯೋ? ನಾನು ಆರಾಮ. ಅಪ್ಪನೂ ಆರಾಮ, ಕಣ್ಣು ಮಾತ್ರ ಇನ್ನಷ್ಟು ಮಂಜು. ಬೆಳಕು, ಬಣ್ಣ ಗೊತ್ತಾಗುತ್ತವೆ, ಮುಖ ಗೊತ್ತಾಗುವುದಿಲ್ಲ. ಆದರೂ ದಾರವನ್ನು ನಾಲಗೆಗೆ ತಾಕಿಸಿ, ಬೆರಳಿನಿಂದಲೇ ನೋಡಿ ಸೂಜಿಗೆ ಪೋಣಿಸುತ್ತಾರೆ. ನಿನ್ನ ಸಿನಿಮಾದ ಮೊದಲ ಆಟಕ್ಕೆಂದು ತಮ್ಮ ಹಳೆಯ ಕೋಟು ಬಿಚ್ಚಿ ಮತ್ತೆ ಹೊಲಿದಿದ್ದಾರೆ. ಚರ್ಚಿನಲ್ಲಿ ತಾವು ಹೇಳಿಕೊಡುತ್ತಿದ್ದ ಭಾನುವಾರದ ಪಾಠಕ್ಕೆ ಬರುತ್ತಿದ್ದ ಹಳೆಯ ಮಕ್ಕಳನ್ನೆಲ್ಲ, ಈಗ ಅವರೂ ಬೋಳುತಲೆಯವರೇ, ಹುಡುಕಿ ಹುಡುಕಿ ಕರೆದಿದ್ದಾರೆ. ಥಿಯೇಟರಿನಲ್ಲಿ ಎರಡು ಸಾಲು ಅವರದೇ. ಎಲ್ಲರಿಗೂ ಒಂದೇ ಮಾತು: ಕೊನೇ ಪ್ರಶ್ನೆ ಬರೋವರೆಗೆ ಯಾರೂ ಏಳಬೇಡಿ, ನನ್ನ ಮಗ ಅದನ್ನ ಹಾಗೇ ಇಟ್ಟಿದ್ದಾನೆ.

ಅದೇ ವಿಷಯಕ್ಕೆ ಬರೆಯುತ್ತಿದ್ದೇನೆ. ನಿನ್ನ ಸಿನಿಮಾಕ್ಕೆ ಕನ್ನಡದ ಮಾತು ಬರೆಯುವ ಕೆಲಸ ನನಗೆ ಕೊಡಿಸಿದೆಯಲ್ಲ, ಅದರ ಕೊನೆಯ ಭಾಗ ಹೋದ ಸೋಮವಾರ ಸ್ಟುಡಿಯೋಗೆ ಬಂತು. ತೆರೆಯ ಮೇಲಿನ ತುಟಿ ನೋಡಿ ನಮ್ಮ ಮಾತು ಕೂರಿಸುವುದು ನನ್ನ ಹದಿನೆಂಟು ವರ್ಷದ ಕಸುಬು. ಬೈಬಲ್ ಕಥೆಯೆಂದರೆ ನಮಗೆ ಸುಗ್ಗಿ, ಎಲ್ಲರಿಗೂ ಗಡ್ಡ. ಗಡ್ಡವಿದ್ದರೆ ಅಡ್ಡಿಯಿಲ್ಲ, ತುಟಿಯ ತಂಟೆಯಿಲ್ಲ. ಪ್ರವಾದಿಗೆ ದನಿ ಕೊಡುವ ಕಲಾವಿದ ಮೊದಲ ದಿನವೇ ಮೂಗು ಮುರಿದಿದ್ದ. ಈ ಕಾಲದಲ್ಲಿ ಯಾರಿಗೆ ಬೇಕು ಮೇಡಂ ಇದೆಲ್ಲ, ಭಕ್ತರಿಗೆ ಪುಸ್ತಕ ಇದೆ, ಮಿಕ್ಕವರಿಗೆ ಬೇರೆ ಸಿನಿಮಾ ಇದೆ, ಇಷ್ಟು ದುಡ್ಡು ಸುರಿಯೋದು ಯಾರ ಉದ್ಧಾರಕ್ಕೆ ಎಂದ. ನಾನು ನಿನ್ನ ಪರ ವಕೀಲಳಾದೆ. ಹಳೆಯ ಕಥೆಗೆ ಹೊಸ ಪರದೆ ಬೇಡ ಎನ್ನುವುದಾದರೆ ಯಾವ ಕಥೆಗೂ ಬೇಡ, ಕೊನೆಯವರೆಗೆ ನೋಡಿ ಮಾತಾಡಿ ಎಂದೆ. ಪ್ರವಾದಿಯನ್ನು ನುಂಗಲು ಆ ದೊಡ್ಡ ಮೀನು ಬಾಯಿ ತೆರೆದಾಗ ಸೌಂಡ್ ಎಂಜಿನಿಯರ್ ಕಾಲು ಮೇಲೆತ್ತಿಕೊಂಡ. ನನಗೆ ನಾನೇ ಮೀನು ಹಡೆದಷ್ಟು ಹೆಮ್ಮೆ.

ಸೋಮವಾರ ಆ ಕೊನೆಯ ಭಾಗ ಹಾಕಿ ನೋಡಿದೆವು. ಹನ್ನೊಂದು ನಿಮಿಷ ಊರು ಉರಿಯಿತು. ಗುಡ್ಡದ ಮೇಲೆ ನಿಂತ ಪ್ರವಾದಿ ಗಡ್ಡದೊಳಗಿಂದ 'ನ್ಯಾಯ ಸಿಕ್ಕಿತು' ಎಂದ. ಮುಗಿಯಿತು. ಬಾಡುವ ಬಳ್ಳಿ ಇಲ್ಲ, ದೇವರ ಪ್ರಶ್ನೆ ಇಲ್ಲ. ಕಲಾವಿದ ನನ್ನತ್ತ ನೋಡಲಿಲ್ಲ. ಒಳ್ಳೆಯವನು.

ಪುಟ್ಟಾ, ಆ ಊರು ಉರಿಯುವುದೇ ಇಲ್ಲವಲ್ಲೋ. ಅಪ್ಪನ ಬಟ್ಟೆ ಕತ್ತರಿಸುವ ಮೇಜು ನೆನಪಿದೆಯಾ? ನಾವಿಬ್ಬರು ಜಗಳವಾಡಿದಾಗಲೆಲ್ಲ ಸುತ್ತ ಕರಿಯ ಲೈನಿಂಗ್ ಬಟ್ಟೆ ಇಳಿಬಿಟ್ಟು ನಮ್ಮನ್ನು ಅದರ ಕೆಳಗೆ ತಳ್ಳುತ್ತಿದ್ದರು. ಅದು ಮೀನಿನ ಹೊಟ್ಟೆ. ಹೊರಗೆ ಅವರ ಕಾಲು ಮಾತ್ರ ಕಾಣುತ್ತಿತ್ತು, ಹೊಲಿಗೆ ಯಂತ್ರ ತುಳಿಯುತ್ತ ಕಥೆ ಹೇಳುತ್ತಿದ್ದರು. ಮೀನಿನ ಹೊಟ್ಟೆಯಿಂದ ಬದುಕಿ ಬಂದ ಪ್ರವಾದಿ, ಊರು ಸುಡುತ್ತದೆಂದು ಸಾರಿ, ಅದನ್ನು ನೋಡಲೆಂದು ಗುಡ್ಡದ ಮೇಲೆ ಕೂತ. ಊರವರು ತಿದ್ದಿಕೊಂಡರು, ದೇವರು ಬಿಟ್ಟುಬಿಟ್ಟ, ಇವನಿಗೆ ಸಿಟ್ಟು. ನೆರಳು ಕೊಟ್ಟ ಬಳ್ಳಿ ಬಿಸಿಲಿಗೆ ಒಣಗಿದಾಗ ಅತ್ತ. ಆಗ ಯಂತ್ರ ನಿಲ್ಲುತ್ತಿತ್ತು. ಅಪ್ಪ ದೇವರಾಗಿ ಕೇಳುತ್ತಿದ್ದರು: "ಒಂದು ಬಳ್ಳಿಗೆ ಇಷ್ಟು ಮರುಗ್ತೀಯಲ್ಲ, ಅಷ್ಟು ದೊಡ್ಡ ಊರಿಗೆ ನಾನು ಮರುಗಬಾರದೇನಪ್ಪಾ? ದನಕರ ಬೇರೆ ಇದಾವೆ." ಇಬ್ಬರಲ್ಲಿ ನೊಂದವರು ಅದಕ್ಕೆ ಉತ್ತರ ಹೇಳುವವರೆಗೆ ಇಬ್ಬರೂ ಹೊರಗೆ ಬರುವಂತಿರಲಿಲ್ಲ. ನನ್ನ ಪದ್ಯದ ನೋಟ್‌ಬುಕ್ಕಿನ ಹಾಳೆ ಹರಿದು ನೀನು ದೋಣಿ ಮಾಡಿದ ದಿನ ಊಟ ಆರಿ ತಣ್ಣಗಾಗುವವರೆಗೆ ನಾನು ತುಟಿ ಬಿಚ್ಚಿರಲಿಲ್ಲ.

ಅದೇ ಪ್ರಶ್ನೆಯಿಂದಲೇ ಸಿನಿಮಾ ಮುಗಿಸುತ್ತೇನೆಂದು ಅಪ್ಪನ ಕೈ ಹಿಡಿದು ಹೇಳಿದವನು ನೀನು. ಅದಕ್ಕೆ ಕನ್ನಡದ ಸಾಲು ಎಲ್ಲಕ್ಕಿಂತ ಮೊದಲೇ ನನ್ನಿಂದ ಬರೆಸಿಕೊಂಡೆ. ತೆಗೆದುಹಾಕಿದ ಮೇಲೆ ಒಂದು ಫೋನ್ ಮಾಡಲಿಲ್ಲ. ನಾನೇ ಮಾಡಿದಾಗ ಅಂದೆ: "ಅಷ್ಟು ದೊಡ್ಡ ಊರು ಕಟ್ಟಿ ಸುಡದೆ ಬಿಟ್ರೆ ಜನ ಎದ್ದು ಹೋಗ್ತಾರೆ ಅಕ್ಕಾ." ಗುಡ್ಡದ ಮೇಲೆ ಕೂತವನ ತಕರಾರೂ ಅದೇ ಇತ್ತು, ನೋಡು. ನೀನು ತೆರೆಗೆ ತಂದದ್ದು ಅಪ್ಪನ ಕಥೆಯನ್ನಲ್ಲ, ಆ ಕಥೆಯಲ್ಲಿ ಮುನಿಸಿಕೊಂಡವನ ಆಸೆಯನ್ನು. ಮೀನಿಗೆ ಕೋಟಿ ಕೋಟಿ, ಮಾತಿಗೆ ಕತ್ತರಿ. ಇಂಥ ಸಿನಿಮಾ ಈ ಕಾಲಕ್ಕೆ ಬೇಕೋ ಬೇಡವೋ ಎಂದು ಕಲಾವಿದ ಈಗ ಕೇಳಿದರೆ ನನ್ನಲ್ಲಿ ವಾದವಿಲ್ಲ. ಪ್ರಶ್ನೆ ಇದ್ದಿದ್ದರೆ ಬೇಕಿತ್ತು. ಬರೀ ಬೆಂಕಿಗೆ ಬೈಬಲ್ ಯಾಕೆ, ಸೀಮೆಎಣ್ಣೆ ಸಾಕು.

ಬೆನ್ನು ಜೋಪಾನ. ಭಾರ ಎತ್ತಬೇಡ, ಮಾತನ್ನಂತೂ ನೀನು ಎತ್ತುವುದಿಲ್ಲ ಬಿಡು. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು, ಮಗಳಿಗೆ ಮುತ್ತು. ನಿನಗೆ ಏನು ಹೇಳಬೇಕೆಂದು ಇನ್ನೂ ತಿಳಿದಿಲ್ಲ.

ಇಂತು,
ಅಕ್ಕ

ಮರೆತಿದ್ದೆ: ಶುಕ್ರವಾರ ಅಪ್ಪನನ್ನು ಸ್ಟುಡಿಯೋಗೆ ಕರೆದೊಯ್ದೆ. 'ನ್ಯಾಯ ಸಿಕ್ಕಿತು' ಅನ್ನುವ ಗಡ್ಡದ ಮೇಲೆ ಈಗ ಆ ಮಾತಿನ ಬದಲು ಅವರ ಪ್ರಶ್ನೆ ಇದೆ, ಅವರದೇ ದನಿಯಲ್ಲಿ, ದನಕರ ಸಮೇತ. ಒಂದೇ ಸಲಕ್ಕೆ ಹೇಳಿದರು. ಆಮೇಲೆ ತೆರೆಯತ್ತ ಕಣ್ಣು ಕಿರಿದು ಮಾಡಿ, ಅದೇನಮ್ಮಾ ಅಷ್ಟು ಕೆಂಪಗೆ, ಬಳ್ಳಿ ಒಣಗಿಸೋ ಬಿಸಿಲಾ ಎಂದು ಕೇಳಿದರು. ಹೌದಪ್ಪಾ, ಬಿಸಿಲು ಅಂದೆ. ಸಿನಿಮಾ ನಿನ್ನದು, ಆ ಸಾಲು ತೆಗೆಸುವ ಹಕ್ಕೂ ನಿನ್ನದೇ. ಆದರೆ ತೆಗೆಸುವ ಮೊದಲು ಒಂದು ಸಲ ಮನೆಗೆ ಬಾ. ಅದು ಬಿಸಿಲಲ್ಲ ಎಂದು ಅಪ್ಪನಿಗೆ ನೀನೇ ಹೇಳಬೇಕು. ಮೇಜು ಇದ್ದಲ್ಲೇ ಇದೆ. ನಾನಿನ್ನೂ ಉತ್ತರ ಹೇಳಿಲ್ಲ.